ಹತ್ತು ಕೆ.ಜಿ. ಮಂದ್ರ

ಮನೆಯ ತೂಕದ ಮೆಷಿನ್ ಮೇಲೆ ಮೊದಲು ನಾನೊಬ್ಬನೇ ನಿಂತೆ. 71 ಕೆ.ಜಿ. ಆಮೇಲೆ ನನ್ನ ಬೇಸ್ ಗಿಟಾರ್‌ನ ಆಂಪ್, ಅಂದರೆ ಸದ್ದು ಏರಿಸುವ ಸ್ಪೀಕರ್ ಡಬ್ಬ, ಎತ್ತಿಕೊಂಡು ನಿಂತೆ. 103. ಹಾಗಾದರೆ ಒಂಬತ್ತು ವರ್ಷದಿಂದ ಬೆಂಗಳೂರು ತುಂಬ ನಾನು ಹೊತ್ತು ತಿರುಗಿದ್ದು 32 ಕೆ.ಜಿ. ಡಬ್ಬ. 25 ಕೆ.ಜಿ. ಅಕ್ಕಿ ಮೂಟೆಯನ್ನಾದರೂ ಅಂಗಡಿಯವನು ಮನೆ ಬಾಗಿಲಿಗೆ ತಂದುಕೊಡುತ್ತಾನೆ. ಇದನ್ನು ನಾನೇ ಹೊರಬೇಕು.

"ಇಳಿಸ್ರೀ ಕೆಳಗೆ. ಸೊಂಟ ಹಿಡ್ಕೊಂಡ್ರೆ ಆಮೇಲೆ ನನ್ನ ಹತ್ರ ಬರ್ಬೇಡಿ" ಅಂದಳು ಹೆಂಡತಿ. ಸೊಂಟ ಆಗಲೇ ಹಿಡಿದಿತ್ತು. ಹೇಳಲಿಲ್ಲ ಅಷ್ಟೇ.

ಹಿಂದಿನ ರಾತ್ರಿ ಇಂದಿರಾನಗರದ ಒಂದು ಕೆಫೆಯಲ್ಲಿ ನುಡಿಸಿದ್ದೆವು. ಆಗಸ್ಟ್ ತಿಂಗಳು, ಮಳೆ ಬೇರೆ. ಕೆಫೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟ್ ಬಾಗಿಲಿಗೆ 'ರಿಪೇರಿಯಲ್ಲಿದೆ' ಅಂತ ಚೀಟಿ ಅಂಟಿಸಿದ್ದರು. 57 ಮೆಟ್ಟಿಲು. ನಾನು ಎಣಿಸಲು ಹೋಗಲಿಲ್ಲ, ಮೊಣಕಾಲು ಎಣಿಸಿತು. ಎರಡನೇ ಮಹಡಿಯಲ್ಲಿ ಸೆಕ್ಯೂರಿಟಿಯವರು ಓಡಿ ಬಂದು ಒಂದು ಬದಿ ಹಿಡಿದರು.

"ಏನ್ ಸಾರ್ ಇದು, ಗ್ರೈಂಡರಾ?"

"ಇಲ್ಲ, ಸ್ಪೀಕರ್."

"ಇಷ್ಟು ಚಿಕ್ಕ ಹೋಟ್ಲಿಗೆ ಇಷ್ಟು ದೊಡ್ಡ ಸ್ಪೀಕರಾ?"

ಆ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎಂಟು ತಿಂಗಳು ಬೇಕಾಯಿತು.

ಮೇಲೆ ಹೋಗಿ, ಬೆವರು ಒರೆಸಿಕೊಂಡು, ಎರಡು ಹಾಡು ನುಡಿಸುವಷ್ಟರಲ್ಲಿ ಮಾಲೀಕರು ಬಂದರು. "ಸರ್, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಕಮ್ಮಿ ಮಾಡ್ತೀರಾ? ಕೆಳಗಡೆ ಮನೆಯವರು ಫೋನ್ ಮಾಡ್ತಿದ್ದಾರೆ." ವಾಲ್ಯೂಮ್ ಹತ್ತರಲ್ಲಿ ಎರಡಕ್ಕಿತ್ತು. ಒಂದೂವರೆಗೆ ಇಳಿಸಿದೆ. ಇಳಿಸಿದ ಮೇಲೆ ಮೂರು ಅಡಿ ದೂರದಲ್ಲಿ ಕೂತ ಡ್ರಮ್ಮರ್‌ಗೆ ನಾನು ಕೇಳಿಸಲೇ ಇಲ್ಲ. ಕೆಳಗಿನ ಮನೆಯವರಿಗೆ ಮಾತ್ರ ಆಗಲೂ ಚೆನ್ನಾಗಿ ಕೇಳಿಸುತ್ತಿತ್ತಂತೆ.

ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ನಾನು ಬೇಸ್ ಗಿಟಾರ್ ನುಡಿಸುವವನು. ಹಗಲು ಲೆಕ್ಕಪತ್ರದ ಕೆಲಸ, ವಾರಕ್ಕೆ ಒಂದೋ ಎರಡೋ ಸಂಜೆ ಜಾಝ್. ಗಿಟಾರ್, ಡ್ರಮ್ಸ್, ಬೇಸ್ ಅಂತ ಮೂರು ಜನ ನಾವು. ಒಮ್ಮೊಮ್ಮೆ ಹಾಡುವವರೊಬ್ಬರು ಸೇರಿಕೊಳ್ಳುತ್ತಾರೆ. ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್‌ನಂಥ, ಜಾಝ್ ಕೇಳಲೆಂದೇ ಜನ ಹೋಗುವ ಜಾಗಗಳ ಮಾತಲ್ಲ ಇದು. ನಮ್ಮದು ನಲವತ್ತು ಜನ ಕೂರುವ ಕೆಫೆ, ಇಲ್ಲವೇ ಯಾರದೋ ಮನೆಯ ಟೆರೇಸ್. ಅರ್ಧ ಜನ ಕೇಳುತ್ತಾರೆ, ಅರ್ಧ ಜನ ಪಾಸ್ತಾ ತಿನ್ನುತ್ತಾರೆ. ಕೋಣನ ಮುಂದೆ ಕಿನ್ನರಿ ಅನ್ನಲು ಮನಸ್ಸು ಬರುವುದಿಲ್ಲ. ಪಾಸ್ತಾ ತಿಂದವರಲ್ಲೇ ಒಬ್ಬರು ಕೊನೆಗೆ ಬಂದು "ಆ ದಪ್ಪ ತಂತಿ ಗಿಟಾರ್ ಚೆನ್ನಾಗಿತ್ತು ಸರ್" ಅನ್ನುತ್ತಾರೆ.

ಮೊದಲು ಹೊಳೆದದ್ದು, ಆಂಪೇ ಬೇಡ ಅಂತ. ಎಷ್ಟೋ ಜನ ಬೇಸ್ ನುಡಿಸುವವರು ಈಗ ಒಂದು ಡಿಐ ಬಾಕ್ಸ್ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿನ ಸೌಂಡ್ ಮಿಕ್ಸರ್‌ಗೇ ಚುಚ್ಚಿಬಿಡುತ್ತಾರೆ. ಗಿಟಾರ್‌ನ ಸಿಗ್ನಲ್ಲು ಉದ್ದದ ಮೈಕ್ ಕೇಬಲ್‌ನಲ್ಲಿ ಗೊರಗೊರ ಇಲ್ಲದೆ ಹೋಗುವ ಹಾಗೆ ಮಾಡುವ ಪುಟ್ಟ ಡಬ್ಬಿ ಅದು. ನಾನೂ ಎರಡು ಸಲ ಹಾಗೆ ಮಾಡಿದೆ. ಕೆಫೆಯ ಸ್ಪೀಕರ್‌ಗಳು ಚಾವಣಿಯಲ್ಲಿದ್ದವು, ಅಂಗೈ ಅಗಲದವು, ಊಟದ ಹೊತ್ತಿಗೆ ಮೆಲ್ಲಗೆ ಹಾಡು ಹಾಕಲು ಇಟ್ಟವು. ಅವು ನಮ್ಮ ಮುಂದೆ, ಜನರ ಕಡೆ ಮುಖ ಮಾಡಿದ್ದವು. ನನಗೆ ನನ್ನ ಬೇಸ್ ಕೇಳಿಸಿದ್ದು ತಂತಿಯಿಂದ, ಟಿಕ್ ಟಿಕ್ ಅಂತ. ಡ್ರಮ್ಮರ್ ಕೊನೆಗೆ ಹೇಳಿದ: "ಮಗಾ, ನಿನ್ನ ಬೆರಳು ನೋಡ್ಕೊಂಡು ಬಾರಿಸಿದೆ ಇವತ್ತು." ಜಾಝ್‌ನಲ್ಲಿ ಬೇಸ್ ಒಂದೊಂದು ಬಾರ್‌ಗೆ, ಅಂದರೆ ತಾಳದ ಒಂದೊಂದು ಸುತ್ತಿಗೆ, ನಾಲ್ಕು ಹೆಜ್ಜೆ ಇಟ್ಟುಕೊಂಡು ನಡೆಯುತ್ತಿರುತ್ತದೆ. ಉಳಿದವರು ಅದರ ಮೇಲೆ ನಿಂತು ಆಟ ಆಡುವುದು. ನೆಲವೇ ಕಾಣದಿದ್ದರೆ ಎಲ್ಲಿ ನಿಲ್ಲುತ್ತಾರೆ?

ಸರಿ, ಚಿಕ್ಕ ಆಂಪ್ ತಗೊಳ್ಳೋಣ ಅಂತ ಹೊರಟೆ. ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಬೇಕು.

ಅಂಗಡಿಗೆ ಹೋದೆ. ಎಂಟು ಇಂಚಿನ ಸ್ಪೀಕರ್, 25 ವಾಟ್, ಒಂದೇ ಕೈಯಲ್ಲಿ ಎತ್ತುವ ಹಾಗಿತ್ತು. ಕಂಪನಿ ಹೆಸರು ಬೇಡ, ತಪ್ಪು ಅದರದ್ದಲ್ಲ. ಅಂಗಡಿಯ ಮೂಲೆಯಲ್ಲಿ ಸ್ಟೂಲ್ ಮೇಲೆ ಕೂತು ನುಡಿಸಿದೆ. ಏನು ದುಂಡಗೆ, ಏನು ಆಳವಾಗಿ ಕೇಳಿಸಿತು ಅಂತೀರಿ! ಅಲ್ಲೇ ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಒಂದು ವಾರ ಖುಷಿಯೋ ಖುಷಿ.

ಆಮೇಲೆ ಜಯನಗರದ ಒಂದು ಟೆರೇಸ್‌ನಲ್ಲಿ ನುಡಿಸಿದೆವು. ಮೊದಲ ನಾಲ್ಕು ಹಾಡಿಗೆ ಡ್ರಮ್ಮರ್ ಬ್ರಷ್ ಹಿಡಿದಿದ್ದ. ಕಸಬರಿಕೆ ಹಾಗೆ ಕಾಣುವ ತಂತಿಯ ಬ್ರಷ್, ಸ್ನೇರ್ ಡ್ರಮ್ ಮೇಲೆ ಸವರಿದರೆ ಸುಯ್ ಸುಯ್ ಅನ್ನುತ್ತದೆ. ಅಲ್ಲಿಯವರೆಗೆ ಸರಿಯಾಗಿತ್ತು. ಐದನೆಯ ಹಾಡಿಗೆ ಕೋಲು ಹಿಡಿದ. ನಾನು ವಾಲ್ಯೂಮ್ ಏರಿಸಿದೆ. ಆಂಪ್ ಏರಲಿಲ್ಲ. ಕೆಳಗಿನ ಸ್ವರ ನುಡಿಸಿದಾಗಲೆಲ್ಲ ಒಳಗಿನ ಲಿಮಿಟರ್ ಗಂಟಲು ಹಿಚುಕಿದ ಹಾಗೆ ಸದ್ದನ್ನು ಅದುಮುತ್ತಿತ್ತು. ಇನ್ನೂ ಏರಿಸಿದೆ. ಪೊರ್ ಅಂತು. ಟೆರೇಸ್‌ನಲ್ಲಿ ಗೋಡೆ ಇಲ್ಲ ನೋಡಿ, ಸದ್ದು ವಾಪಸ್ ಬರುವುದೇ ಇಲ್ಲ. ಅಂಗಡಿಯ ಮೂಲೆಯಲ್ಲಿ ಎರಡು ಗೋಡೆ, ಒಂದು ನೆಲ ಸೇರಿ ಪುಕ್ಕಟೆಯಾಗಿ ಕೊಟ್ಟ ಮಂದ್ರವನ್ನು ನಾನು ಆಂಪಿನ ಗುಣ ಅಂದುಕೊಂಡಿದ್ದೆ.

ಆ ಆಂಪನ್ನು ಕಾಲೇಜು ಹುಡುಗನೊಬ್ಬನಿಗೆ 'ಮನೆಯಲ್ಲಿ ಪ್ರಾಕ್ಟೀಸ್‌ಗೆ ಮಾತ್ರ' ಅಂತ ಹೇಳಿಯೇ ಮಾರಿದೆ. ಅವನು ಈಗಲೂ ಖುಷಿಯಾಗಿದ್ದಾನೆ.

ಇದಾದ ಮೇಲೆ ಕೂತು ಓದಿದೆ. ಓದಿದಾಗ ಮೊದಲು ಬಿದ್ದುಹೋದದ್ದು ವಾಟ್ ಮೇಲಿನ ನಂಬಿಕೆ. 25 ವಾಟ್‌ನಿಂದ 50ಕ್ಕೆ ಹೋದರೆ ಸದ್ದು ಎರಡು ಪಟ್ಟಾಗುತ್ತದೆ ಅಂತ ಇಷ್ಟು ವರ್ಷ ನಂಬಿದ್ದೆ. ಏರುವುದು ಬರೀ 3 ಡೆಸಿಬೆಲ್. ಕಿವಿಗೆ 'ಸ್ವಲ್ಪ ಜಾಸ್ತಿ ಆಯ್ತಾ?' ಅನ್ನಿಸುವಷ್ಟು. ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹೆಚ್ಚುಕಮ್ಮಿ ಹತ್ತು ಪಟ್ಟು ಪವರ್ ಬೇಕು. ಒಂದು ವಾಟ್‌ಗೆ ಎಷ್ಟು ಸದ್ದು ಕೊಡುತ್ತದೆ ಅನ್ನುವುದು ಒಂದೊಂದು ಸ್ಪೀಕರ್‌ಗೆ ಒಂದೊಂದು ಥರ. ಅಲ್ಲಿ 3 ಡೆಸಿಬೆಲ್ ಜಾಸ್ತಿ ಸಿಕ್ಕರೆ ಪವರ್ ದುಪ್ಪಟ್ಟಾದ ಹಾಗೇ. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ಮಾತ್ರ ವಾಟ್.

ಎರಡನೆಯದು, ಕೆಳಗಿನ ಸ್ವರದ ಖರ್ಚು. ಬೇಸ್‌ನ ದಪ್ಪ ತಂತಿ, ಇ, ಸೆಕೆಂಡಿಗೆ 41 ಸಲ ಅಲುಗುತ್ತದೆ. ಅಷ್ಟೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿಳಿಯಬೇಕಾದರೆ ಸ್ಪೀಕರ್‌ನ ಕೋನ್ ನಾಲ್ಕು ಪಟ್ಟು ಜಾಸ್ತಿ ಹಿಂದೆ ಮುಂದೆ ಆಡಬೇಕು. ಚಿಕ್ಕ ಕೋನ್‌ಗೆ ಅಷ್ಟು ಜಾಗ ಎಲ್ಲಿದೆ? ಟೆರೇಸ್‌ನಲ್ಲಿ ಪೊರ್ ಅಂದದ್ದು ಅದಕ್ಕೇ. ಸ್ಪೀಕರ್ ಲೋಕದಲ್ಲಿ ಹಾಫ್‌ಮನ್ ನಿಯಮ ಅಂತ ಒಂದಿದೆ. ಸ್ಪೀಕರ್ ಮಾಡುವ ಕೆಎಲ್‌ಎಚ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಆ ಹಾಫ್‌ಮನ್ನರೇ. ಪಿಯಾನೋ ದಿಗ್ಗಜ ಜೋಸೆಫ್ ಹಾಫ್‌ಮನ್ನರ ಮಗ. ಚಿಕ್ಕ ಡಬ್ಬ, ಆಳದ ಮಂದ್ರ, ಕಮ್ಮಿ ಪವರ್‌ಗೆ ಜಾಸ್ತಿ ಸದ್ದು, ಈ ಮೂರರಲ್ಲಿ ಎರಡು ಕೇಳು, ಮೂರನೆಯದನ್ನು ಬಿಡು ಅನ್ನುತ್ತದೆ ಆ ನಿಯಮ. ಎಲ್ಲ ಆಂಪ್ ಮಾಡುವವರೂ ಅದರೊಳಗೇ ಒದ್ದಾಡುತ್ತಿರುವುದು.

ಹಗುರಾದ ಆಂಪ್ ಬೇಕು ಅನ್ನುವ ಗೋಳು ಹೊಸದೂ ಅಲ್ಲ. ಆಂಪೆಗ್ ಕಂಪನಿ ಶುರು ಮಾಡಿದ ಎವರೆಟ್ ಹಲ್ ಸ್ವತಃ ಬೇಸ್ ನುಡಿಸುವವರು. ಡಬಲ್ ಬೇಸ್ ಅಂದರೆ ಆಳೆತ್ತರದ ಪಿಟೀಲಿನಂಥ ವಾದ್ಯ. ಅದು ನೆಲಕ್ಕೆ ಊರುವ ಗೂಟದೊಳಗೆ ಮೈಕ್ ಇಟ್ಟರು. 'ಆಂಪ್ಲಿಫೈಡ್ ಪೆಗ್' ಅನ್ನುವುದೇ ಆಂಪೆಗ್ ಆಯಿತು. 1960ರಲ್ಲಿ ಅವರ ಪೋರ್ಟಾಫ್ಲೆಕ್ಸ್ ಬಂತು. ಮೇಲಿನ ಆಂಪನ್ನು ಮಗುಚಿ ಸ್ಪೀಕರ್ ಡಬ್ಬದೊಳಗೇ ಇಟ್ಟು, ಚಕ್ರದ ಮೇಲೆ ತಳ್ಳಿಕೊಂಡು ಹೋಗಬಹುದಿತ್ತು. ಅದರ ಪವರ್ ಈಗಿನ ಲೆಕ್ಕದಲ್ಲಿ ಏನೇನೂ ಅಲ್ಲ, 25-30 ವಾಟ್. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹೆಸರಾಂತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ನುಡಿಸುತ್ತಿದ್ದದ್ದು ಇಂಥದ್ದರಲ್ಲೇ. ದೊಡ್ಡ ಡಬ್ಬ, ಹದಿನೈದು ಇಂಚಿನ ಸ್ಪೀಕರ್. ಹಾಫ್‌ಮನ್ ಪಟ್ಟಿಯಲ್ಲಿ ಅವರು ಬಿಟ್ಟದ್ದು 'ಚಿಕ್ಕ ಡಬ್ಬ' ಅನ್ನುವುದನ್ನು.

ನಾನು ಬಿಡಬೇಕಾದದ್ದು ಯಾವುದು?

ಇದನ್ನು ಬಗೆಹರಿಸಿಕೊಟ್ಟವರು ಪಕ್ಕದ ಮನೆಯ ವೀಣೆ ಟೀಚರ್. ಅರವತ್ತು ದಾಟಿದವರು. ಒಂದು ಭಾನುವಾರ ಹಾಲಿನ ಲೆಕ್ಕ ಮಾತಾಡಲು ಹೋದವನು ಆಂಪಿನ ಗೋಳು ಹೇಳಿಕೊಂಡೆ. ಅವರು ಮಾತಾಡದೆ ಮೂಲೆಯಲ್ಲಿದ್ದ ತಂಬೂರಿ ತಗೊಂಡು ಕೂತರು. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ದಾರ ಇರುತ್ತದಲ್ಲ, ಕೊನೆಯ ತಂತಿಯದನ್ನು ಬೆರಳಲ್ಲಿ ಮೆಲ್ಲಗೆ ಹಿಂದಕ್ಕೆ ಎಳೆದರು. ಮೀಟಿದರು. ಮಂದ್ರ ಷಡ್ಜ ಬೊಂಯ್ ಅಂದು ಅಲ್ಲೇ ಸತ್ತಿತು.

"ಈಗ ಅಡುಗೆಮನೆಗೆ ಹೋಗಿ ನಿಂತ್ಕೊಳ್ಳಪ್ಪಾ" ಅಂದರು.

ಹೋದೆ. ಮತ್ತೆ ಮೀಟಿದರಂತೆ. ಕುಕ್ಕರ್ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ದಾರವನ್ನು ಕೂದಲೆಳೆಯಷ್ಟು ಮುಂದಕ್ಕೆ ತಂದರು. ತಂತಿಗೆ ಜೀವ ಬಂತು. ಝೇಂಕಾರ ಅಡುಗೆಮನೆಯವರೆಗೂ ಹರಿದು ಬಂತು, ಕುಕ್ಕರ್ ಸದ್ದಿನ ನಡುವೆಯೂ.

"ಷಡ್ಜ ಅದೇ ಷಡ್ಜ, ತಂತಿ ಅದೇ ತಂತಿ, ನಾನು ಜೋರಾಗೂ ಮೀಟ್ಲಿಲ್ಲ. ಮೇಲಿನ ಸ್ವರಗಳು ಸೇರ್ಕೊಂಡ್ವು ಅಷ್ಟೇ" ಅಂದರು. "ನೀನು ಆ ಪೆಟ್ಟಿಗೆಯಲ್ಲಿ ಬರೀ ಬೊಂಯ್ ಕೇಳ್ತಾ ಇದ್ದೀಯ ಅನ್ಸತ್ತೆ."

ಹೌದು, ಬರೀ ಬೊಂಯ್ ಕೇಳುತ್ತಿದ್ದೆ. ಒಂದು ಸ್ವರ ಅಂದರೆ ಒಂದೇ ಕಂಪನವಲ್ಲ. 41ರ ಜೊತೆಗೆ 82, 123, 164 ಅಂತ ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಇರುತ್ತವೆ. ಆ ಮೇಲಿನವು ಸ್ಪಷ್ಟವಾಗಿ ಕೇಳಿಸಿದರೆ, ಕೆಳಗಿನದು ಕ್ಷೀಣವಾಗಿದ್ದರೂ ಕಿವಿ ತಾನೇ ಅದನ್ನು ಊಹಿಸಿಕೊಂಡು ತುಂಬಿಕೊಳ್ಳುತ್ತದೆ. ಮೊಬೈಲಿನ ಬೆರಳುಗುರಿನಷ್ಟು ಸ್ಪೀಕರ್‌ನಲ್ಲೂ ಸಿನಿಮಾ ಹಾಡಿನ ಬೇಸ್ ಗುನುಗುತ್ತೇವಲ್ಲ, ಹಾಗೆ. ಗೋಡೆ, ನೆಲ ದಾಟಿಕೊಂಡು ಕೆಳಗಿನ ಮನೆಗೆ ಹೋಗುವುದು ಮಾತ್ರ ಆ ಆಳದ ಕಂಪನವೇ. 41 ಹರ್ಟ್ಸ್‌ನ ಒಂದು ಅಲೆ ಗಾಳಿಯಲ್ಲಿ ಎಂಟು ಮೀಟರ್‌ಗಿಂತ ಉದ್ದ. ಅದಕ್ಕೆ ನಮ್ಮ ಕೆಫೆಯ ಗೋಡೆ ಒಂದು ಲೆಕ್ಕವೇ? ನನ್ನ 32 ಕೆ.ಜಿ. ಡಬ್ಬ ಡ್ರಮ್ಮರ್‌ಗೆ ಬೇಕಾದ್ದನ್ನು ಕೊಡದೆ, ಕೆಳಗಿನ ಮನೆಯವರಿಗೆ ಬೇಡದ್ದನ್ನು ಧಾರಾಳವಾಗಿ ಕೊಡುತ್ತಿತ್ತು.

ಬಿಡಬೇಕಾದದ್ದು ಆಳ ಅಂತ ಗೊತ್ತಾಯಿತು. ಪೂರ್ತಿ ಅಲ್ಲ, ಕೊನೆಯ ಒಂದಿಷ್ಟು.

ಇನ್ನು ಯಾವ ಆಂಪ್ ಅನ್ನುವುದು. ಈ ಸಲ ಕೆಲವು ಕಟ್ಟುಪಾಡು ಹಾಕಿಕೊಂಡೆ. ಬೇಸ್ ಬೆನ್ನಿಗೆ, ಆಂಪ್ ಒಂದು ಕೈಗೆ, ಇನ್ನೊಂದು ಕೈ ಮೆಟ್ರೋ ಕಂಬ ಹಿಡಿಯಲು. ಎರಡನೇ ಸಲ ಕೆಳಗಿಳಿದು ಬರುವ ಹಾಗಿಲ್ಲ. ಮಿಕ್ಸರ್‌ಗೆ ಕಳಿಸಲು ಹಿಂದೆ ಎಕ್ಸ್‌ಎಲ್‌ಆರ್ ಔಟ್, ಅಂದರೆ ಮೈಕ್ ಕೇಬಲ್ ಚುಚ್ಚುವ ಕಿಂಡಿ, ಇರಬೇಕು. ಮತ್ತು, ಒಬ್ಬನೇ ಕೂತು ಕೇಳಿ ಯಾವುದನ್ನೂ ಒಪ್ಪಬಾರದು. ಡ್ರಮ್ಮರ್ ಪಕ್ಕದಲ್ಲಿರಲೇಬೇಕು.

ಮೊದಲು ಗೆಳೆಯರ ಆಂಪ್‌ಗಳನ್ನು ಕೇಳಿಕೊಂಡು ಹೋದೆ. ಒಬ್ಬರ ಹತ್ತಿರ ಮಾರ್ಕ್‌ಬಾಸ್‌ನ ಹನ್ನೆರಡು ಇಂಚಿನ ಪುಟ್ಟ ಕಾಂಬೋ (ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬದಲ್ಲಿ) ಇತ್ತು. 300 ವಾಟ್, ತೂಕ ಸುಮಾರು 13 ಕೆ.ಜಿ. ಅದನ್ನು ನುಡಿಸಿದ ಮೇಲೆ ಎರಡು ದಿನ ಬೇರೆ ಯಾವುದೂ ರುಚಿಸಲಿಲ್ಲ. ಸ್ವರ ಒಂದೊಂದೂ ಪೋಣಿಸಿಟ್ಟ ಹಾಗೆ. ಬೆಲೆ ಕೇಳಿದೆ. ಹಾಸಿಗೆ ನೋಡಿಕೊಂಡೆ, ಕಾಲು ಮಡಚಿಕೊಂಡೆ. ಇನ್ನೊಬ್ಬರ ಹತ್ತಿರ ಫಿಲ್ ಜೋನ್ಸ್‌ನ ಡಬಲ್ ಫೋರ್. ನಾಲ್ಕಿಂಚಿನ ಎರಡು ಸ್ಪೀಕರ್, ಟಿಫಿನ್ ಬ್ಯಾಗ್ ಹಾಗೆ ನೇತುಹಾಕಿಕೊಂಡು ಹೋಗಬಹುದು. ಅಷ್ಟು ಚಿಕ್ಕದರಿಂದ ಅಷ್ಟು ನಿಜವಾದ ಸದ್ದು ಬಂದದ್ದು ನೋಡಿ ಡಬ್ಬದ ಹಿಂದೆ ಇನ್ನೇನಾದರೂ ಇಟ್ಟಿದ್ದಾರಾ ಅಂತ ಇಣುಕಿದೆ. ಗಿಟಾರ್ ಜೊತೆ ಇಬ್ಬರೇ ನುಡಿಸುವುದಾದರೆ ಅದೇ ಸಾಕು. ನಮ್ಮ ಡ್ರಮ್ಮರ್ ಕೋಲು ಹಿಡಿದರೆ ಸಾಲದು.

ಡಬಲ್ ಬೇಸ್ ನುಡಿಸುವ ಒಬ್ಬರು ಟ್ರೇಸ್ ಎಲಿಯಟ್‌ನ ಎಲ್ಫ್ ಅನ್ನುವ, ಸ್ಪೀಕರ್ ಇಲ್ಲದ ಬರೀ ಆಂಪ್ ತೋರಿಸಿದರು. 200 ವಾಟ್, ತೂಕ ಮುಕ್ಕಾಲು ಕೆ.ಜಿ.ಯೂ ಇಲ್ಲ. ಅಂಗೈ ಮೇಲಿಟ್ಟರೆ ಪೇಡಾ ಡಬ್ಬಿ. ಇದು ಹೇಗೆ ಸಾಧ್ಯ ಅಂದರೆ, ಹಳೆಯ ಆಂಪ್‌ಗಳಲ್ಲಿ ತೂಕ ಇದ್ದದ್ದು ಟ್ರಾನ್ಸ್‌ಫಾರ್ಮರ್‌ನಲ್ಲಿ, ಬಿಸಿ ಹೊರಹಾಕುವ ಅಲ್ಯೂಮಿನಿಯಂ ರೆಕ್ಕೆಗಳಲ್ಲಿ. ಈಗಿನ ಕ್ಲಾಸ್ ಡಿ ಆಂಪ್‌ನ ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ನಡುವೆ ಅರೆಬರೆ ನಿಂತು ಬಿಸಿಯಾಗುವುದಿಲ್ಲ. ಕರೆಂಟ್ ಕೊಡುವ ಭಾಗವೂ ಲ್ಯಾಪ್‌ಟಾಪ್ ಚಾರ್ಜರ್ ಜಾತಿಯದು. ಸರಿ, ಆದರೆ ಸ್ಪೀಕರ್ ಡಬ್ಬವನ್ನು ಬೇರೆಯಾಗಿ ಹೊರಬೇಕಲ್ಲ. ಅವರು ಹೊರುತ್ತಿದ್ದರು. ಅವರ ಕಷ್ಟ ಇನ್ನೊಂದು ಥರದ್ದು: ಡಬಲ್ ಬೇಸ್‌ಗೆ ಅಂಟಿಸುವ, ಅದರ ಕಂಪನವನ್ನು ಸಿಗ್ನಲ್ ಮಾಡುವ ಪೀಜೋ ಪಿಕಪ್‌ಗೆ ಆಂಪಿನ ಇನ್‌ಪುಟ್ ತಡೆ (ಇಂಪೀಡೆನ್ಸ್) ಕಡೇಪಕ್ಷ ಒಂದು ಮೆಗಾಓಮ್ ಆದರೂ ಇರಬೇಕು, ಹತ್ತಿದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಮಂದ್ರ ಸೋರಿಹೋಗಿ ತಗಡಿನ ಸದ್ದು. ಮೇಲೆ ಆ ದೊಡ್ಡ ಮರದ ಹೊಟ್ಟೆ ಆಂಪಿನ ಸದ್ದಿಗೆ ತಾನೇ ಗುಂಯ್‌ಗುಟ್ಟಲು ಶುರು ಮಾಡುತ್ತದೆ. ನನ್ನದು ಗಟ್ಟಿ ಮರದ ಬೇಸ್ ಗಿಟಾರ್. ಆ ತಲೆನೋವಿಲ್ಲ.

ನಡುವೆ ನ್ಯೂಜೆರ್ಸಿಯ ಕಸಿನ್ "ಇಲ್ಲಿಂದ ತರ್ತೀನಿ ಬಿಡೋ, ಅಗ್ಗ" ಅಂದ. ಆಸೆಯಾಯಿತು. ಅಲ್ಲಿನದು 120 ವೋಲ್ಟ್, ನಮ್ಮದು 230. ಕೆಲವು ಆಂಪ್ ಎರಡಕ್ಕೂ ಒಗ್ಗುತ್ತವೆ, ಕೆಲವಕ್ಕೆ ಹಿಂದೆ ಸ್ವಿಚ್ ಇರುತ್ತದೆ, ಕೆಲವಕ್ಕೆ ಏನೂ ಇಲ್ಲ. ಏನೂ ಇಲ್ಲದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಹಗುರಾದ ಆಂಪ್ ತರಿಸಿ ಜೊತೆಗೆ ಕಬ್ಬಿಣದ ಗುಂಡು ಹೊರುವುದು ಯಾರಿಗೆ ಬೇಕು? ಕೆಟ್ಟರೆ ರಿಪೇರಿಗೆ ನ್ಯೂಜೆರ್ಸಿಗೆ ಹೋಗಲಾ? ಬೇಡ ಅಂದೆ.

ಕೊನೆಗೆ ಅಂಗಡಿಗೆ ಡ್ರಮ್ಮರ್‌ನನ್ನು ಎಳೆದುಕೊಂಡು ಹೋದೆ. ಮಂಗಳವಾರ ಮಧ್ಯಾಹ್ನ, ಗಿರಾಕಿ ಕಮ್ಮಿ ಇರುವ ಹೊತ್ತು. ಫೆಂಡರ್ ರಂಬಲ್ 40, ರಂಬಲ್ 100 ಎರಡೂ ಇದ್ದವು. ಮೊದಲನೆಯದು ಹತ್ತು ಇಂಚು, 8 ಕೆ.ಜಿ. ಚಿಲ್ಲರೆ. ಎರಡನೆಯದು ಹನ್ನೆರಡು ಇಂಚು, 10 ಕೆ.ಜಿ. ಎರಡನ್ನೂ ಮೂಲೆಯಿಂದ ಎತ್ತಿ ಅಂಗಡಿಯ ನಡುವಿಗೆ ತಂದಿಟ್ಟೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ. ಆಮೇಲೆ ಪ್ರೀತಿಯಿಂದಲೇ ಬಂದು 'ಕಾಂಟೂರ್' ಅನ್ನುವ ಗುಂಡಿ ಒತ್ತಿ, "ಇದು ಹಾಕಿ ಸರ್, ಸೂಪರ್ ಬರುತ್ತೆ" ಅಂದ. ನಿಜ, ಸೂಪರ್ ಬಂತು. ಕೆಳಗೆ ಧಿಂ, ಮೇಲೆ ಫಳಫಳ. ಡ್ರಮ್ಮರ್‌ಗೆ ಕಣ್ಸನ್ನೆ ಮಾಡಿದೆ. ಅವನು ಅಂಗಡಿಯ ಕಿಟ್ ಮೇಲೆ ಕೂತು ರೈಡ್ ಸಿಂಬಲ್ ಬಾರಿಸಲು ಶುರು ಮಾಡಿದ ಕೂಡಲೇ ನನ್ನ ಸೂಪರ್ ಮಾಯ! ಕಾಂಟೂರ್ ಮಾಡುವುದೇ ನಡುವಿನ ಸ್ವರಗಳನ್ನು ತೋಡಿ ತೆಗೆಯುವುದು. ಟೀಚರ್ ತಂಬೂರಿಯ ದಾರ ಹಿಂದಕ್ಕೆ ಎಳೆದ ಹಾಗೆಯೇ ಹೆಚ್ಚುಕಮ್ಮಿ. ಗುಂಡಿ ವಾಪಸ್ ಎತ್ತಿದೆ. ಬೇಸ್ ನಾಬ್ ಸ್ವಲ್ಪ ಇಳಿಸಿ, ಲೋ-ಮಿಡ್ ಸ್ವಲ್ಪ ಏರಿಸಿದೆ. ಒಂಟಿಯಾಗಿ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗಿತ್ತು. ಹುಡುಗನ ಮುಖ ಸಪ್ಪಗಾಯಿತು. ಡ್ರಮ್ಸ್ ಜೊತೆಗೆ ನುಡಿಸಿದಾಗ ಮಾತ್ರ ಒಂದೊಂದು ಹೆಜ್ಜೆಯೂ ಎದ್ದು ಕೇಳಿಸಿತು.

"ಇದೇ ಮಗಾ" ಅಂದ ಡ್ರಮ್ಮರ್, ಕೋಲು ನಿಲ್ಲಿಸದೆ.

40ಕ್ಕೂ 100ಕ್ಕೂ ಪವರ್‌ನಲ್ಲಿ ಇರುವ ವ್ಯತ್ಯಾಸ 4 ಡೆಸಿಬೆಲ್ ಮಾತ್ರ. ಅದಕ್ಕಾಗಿ ದೊಡ್ಡದನ್ನು ತಗೊಳ್ಳಲಿಲ್ಲ. ಹನ್ನೆರಡು ಇಂಚಿನ ಕೋನ್, ಸ್ವಲ್ಪ ದೊಡ್ಡ ಡಬ್ಬ. ಕೋಲು ಹಿಡಿದ ಡ್ರಮ್ಮರ್ ಎದುರು ಚಿಕ್ಕದು ಏದುಸಿರು ಬಿಡುತ್ತಿತ್ತು, ದೊಡ್ಡದು ಇನ್ನೂ ಮಾತಾಡುತ್ತಿತ್ತು. ಎರಡು ಕೆ.ಜಿ. ಜಾಸ್ತಿಗೆ ಸೊಂಟದ ಒಪ್ಪಿಗೆ ಕೇಳಿದೆ. ಒಪ್ಪಿತು. ಪಿಕಪ್‌ನಿಂದ ಆಂಪ್‌ಗೆ ಹೋಗುವ ದಾರಿಯಲ್ಲಿ ಒಂದು ಹೈಪಾಸ್ ಫಿಲ್ಟರ್ ಪೆಡಲ್ ಕೂಡ ಸೇರಿಸಿದೆ. 40-50 ಹರ್ಟ್ಸ್‌ನಿಂದ ಕೆಳಗಿನ ಕಸವನ್ನು ಅದು ಗುಡಿಸಿಹಾಕುತ್ತದೆ. ಕೋನ್‌ಗೆ ಸುಮ್ನೆ ಒದ್ದಾಡುವುದು ತಪ್ಪುತ್ತದೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಕೆಳಗಿನ ಮನೆಯವರ ನಿದ್ದೆ ಕಾಯುತ್ತದೆ.

ಏಪ್ರಿಲ್ 30, ಅಂತರರಾಷ್ಟ್ರೀಯ ಜಾಝ್ ದಿನ. ಅದೇ ಮೂರನೇ ಮಹಡಿಯ ಕೆಫೆಯವರು ಮತ್ತೆ ಕರೆದರು. ಕರೆದದ್ದೇ ಆಶ್ಚರ್ಯ. ಬನಶಂಕರಿಯಲ್ಲಿ ಮೆಟ್ರೋ ಹತ್ತಿದೆ. ಸ್ಕ್ಯಾನರ್‌ನಿಂದ ಆಂಪ್ ಹೊರಬಂದಾಗ ಅಲ್ಲಿದ್ದವರು ತಡೆದು, "ಏನಿದು, ತೆಗೀರಿ" ಅಂದರು. ಕವರ್ ಜಿಪ್ ತೆಗೆದು ಸ್ಪೀಕರ್ ಮುಂದಿನ ಬಲೆ ತೋರಿಸಿದೆ. "ಆರ್ಕೆಸ್ಟ್ರಾನಾ?" ಅಂದರು. ಹೌದು ಅಂದೆ. ಬಿಟ್ಟರು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಇಂದಿರಾನಗರ. ಕೈ ಬದಲಿಸಿದ್ದು ಮೂರೇ ಸಲ.

ಈ ಸಲ ಆಂಪನ್ನು ನೆಲದ ಮೇಲೆ ಇಡಲಿಲ್ಲ. ಕುರ್ಚಿ ಮೇಲೆ ಇಟ್ಟು, ಹಿಂದಿನ ಗೋಡೆಯಿಂದ ಎರಡು ಅಡಿ ಈಚೆ ಎಳೆದೆ. ನೆಲಕ್ಕೆ ತಾಗಿಸಿ ಇಟ್ಟರೆ ಮಂದ್ರ ಸುಮ್ಮಸುಮ್ಮನೆ ಉಬ್ಬುತ್ತದೆ, ನೆಲದ ಮೂಲಕ ಕೆಳಗೆ ಇಳಿಯುತ್ತದೆ. ಕುರ್ಚಿ ಮೇಲಿದ್ದರೆ ನನ್ನ ಕಿವಿಗೂ ಹತ್ತಿರ, ನನಗೆ ಚೆನ್ನಾಗಿ ಕೇಳಿಸಿದರೆ ನಾನೇ ಸದ್ದು ಏರಿಸಲು ಹೋಗುವುದಿಲ್ಲ.

ಹಿಂದೆ ಕೂತವರಿಗೂ ಕೇಳಲಿ ಅಂತ ಎಕ್ಸ್‌ಎಲ್‌ಆರ್ ಕೇಬಲ್ ಚುಚ್ಚಿ ಕೆಫೆಯ ಮಿಕ್ಸರ್‌ಗೆ ಕೊಟ್ಟೆ. ಕೊಟ್ಟ ಕೂಡಲೇ ಹಮ್ಮ್ಮ್ ಅಂತ ಶುರುವಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಕರೆಂಟ್ 50 ಹರ್ಟ್ಸ್. ಬೇಸ್‌ನ ದಪ್ಪ ತಂತಿಯ ಮೂರನೇ ಫ್ರೆಟ್‌ನಲ್ಲಿ ಸಿಗುವ ಜಿ 49 ಹರ್ಟ್ಸ್. ಅಂದರೆ ಭಾರತದಲ್ಲಿ ಯಾವ ಆಂಪ್ ಗುಂಯ್ ಅಂದರೂ ಅದು ಚೂರು ಶ್ರುತಿ ಏರಿದ ಜಿ. "ಎಲ್ಲಾ ಹಾಡೂ ಜಿ ಸ್ಕೇಲಲ್ಲೇ ನುಡಿಸೋಣ ಬಿಡು, ಪುಕ್ಕಟೆ ಶ್ರುತಿಪೆಟ್ಟಿಗೆ" ಅಂದ ಗಿಟಾರಿಸ್ಟ್. ಮಾಲೀಕರು "ಸರ್, ಆ ಪ್ಲಗ್‌ನ ಮೇಲಿನ ದಪ್ಪ ಪಿನ್ ತೆಗೆದುಬಿಟ್ರೆ ನಿಲ್ಲುತ್ತೆ, ನಮ್ಮ ಎಲೆಕ್ಟ್ರಿಷಿಯನ್ ಹೇಳಿದ್ದ" ಅಂದರು. ಅರ್ಥ್ ಪಿನ್! ಕೈ ಮುಗಿದು ಬೇಡ ಅಂದೆ. ಲೋಹದ ತಂತಿ ಹಿಡಿದು ನಿಲ್ಲುವವನು ನಾನು. ಆಂಪಿಗೂ ಮಿಕ್ಸರ್‌ಗೂ ಬೇರೆ ಬೇರೆ ಗೋಡೆಯಿಂದ ಅರ್ಥ್ ಬಂದಿತ್ತು, ನಮ್ಮ ಕೇಬಲ್ ಅವೆರಡನ್ನೂ ಸೇರಿಸಿ ಸುತ್ತು ಹಾಕಿತ್ತು. ಆಂಪಿನ ಹಿಂದೆ, ಎಕ್ಸ್‌ಎಲ್‌ಆರ್ ಪಕ್ಕದಲ್ಲೇ 'ಗ್ರೌಂಡ್ ಲಿಫ್ಟ್' ಅನ್ನುವ ಪುಟ್ಟ ಸ್ವಿಚ್ ಇದೆ. ಆ ಕೇಬಲ್‌ನ ಅರ್ಥ್ ಕೊಂಡಿಯನ್ನಷ್ಟೇ ಅದು ಕಳಚುತ್ತದೆ, ಆಂಪಿನ ಅರ್ಥ್ ಹಾಗೇ ಇರುತ್ತದೆ. ಉಗುರಲ್ಲಿ ಒತ್ತಿದೆ. ನಿಂತಿತು.

ಒಂಬತ್ತೂ ಮುಕ್ಕಾಲಿನವರೆಗೆ ನುಡಿಸಿದೆವು. ಹತ್ತರ ಮೇಲೆ ಸದ್ದು ಮಾಡುವ ಹಾಗಿಲ್ಲ. ವಾಲ್ಯೂಮ್ ನಾಲ್ಕರ ಹತ್ತಿರ ಇತ್ತು. ಡ್ರಮ್ಮರ್ ಒಂದು ಸಲವೂ ನನ್ನ ಬೆರಳು ನೋಡಲಿಲ್ಲ. ನಡುವಿನ ಒಂದು ನಿಧಾನದ ಹಾಡಿನಲ್ಲಿ ದಪ್ಪ ತಂತಿ ಹಿಡಿದಾಗ ಹಳೆಯ ಡಬ್ಬದ ಆ ಹೊಟ್ಟೆಯೊಳಗಿನ ನಡುಕ ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಅದು ಇದರಲ್ಲಿಲ್ಲ. ಹಳೆಯದನ್ನು ಮಾರಿಲ್ಲ, ಮಂಚದ ಪಕ್ಕ ಇದೆ, ಮೇಲೆ ಇಸ್ತ್ರಿ ಬಟ್ಟೆ. ಕೆಳಗಿನ ಮನೆಯವರು ಫೋನ್ ಮಾಡಿದರಾ ಅಂತ ಮಾಲೀಕರನ್ನು ಕೇಳಿದೆ. "ಮಾಡಿದ್ರು ಸರ್, ಪಾರ್ಕಿಂಗ್ ವಿಷಯಕ್ಕೆ."

ಲಿಫ್ಟ್ ಅವತ್ತೂ ರಿಪೇರಿಯಲ್ಲೇ ಇತ್ತು. 57 ಮೆಟ್ಟಿಲು ಇಳಿದು ಬಂದೆ. ಗೇಟಿನ ಹತ್ತಿರ ಅದೇ ಸೆಕ್ಯೂರಿಟಿಯವರು, ಕೈಯಲ್ಲಿ ಟೀ ಲೋಟ.

"ಗ್ರೈಂಡರ್ ಎಲ್ಲಿ ಸಾರ್?"

"ಇವತ್ತು ಮಿಕ್ಸಿ ತಂದೆ" ಅಂದೆ.